ಭೀಮನ ಅಮಾವಾಸ್ಯೆ ಕಳೆದ ಮೇಲೆ

ಸಮ್ಮೇಳನದ ಹಿಂದಿನ ದಿನ ನೂರ ನಲವತ್ತು ಲಕೋಟೆಗಳನ್ನು ಗೋಡೆಗೆ ಅಂಟಿಸಿದವನು ನಾನು. ನಮ್ಮ ಸಂಸ್ಥೆಯಲ್ಲಿ ಅದೊಂದು ರೂಢಿ. ಬಂದವರೆಲ್ಲರ ಹೆಸರಿನಲ್ಲೂ ಒಂದೊಂದು ಖಾಲಿ ಲಕೋಟೆ ಗೋಡೆಯ ಮೇಲಿರುತ್ತದೆ. ಮೂರು ದಿನವೂ ಯಾರು ಯಾರಿಗೆ ಬೇಕಾದರೂ ಚೀಟಿ ಬರೆದು ಒಳಗೆ ಹಾಕಬಹುದು. ಕೊನೆಯ ದಿನ ಅವರವರ ಲಕೋಟೆಯನ್ನು ಅವರವರು ತೆಗೆದುಕೊಂಡು ಹೋಗುತ್ತಾರೆ. ಎದುರಿಗೆ ಹೇಳಲು ಆಗದ ಮಾತು ಹೀಗಾದರೂ ತಲುಪಲಿ ಎಂದು ಹಿಂದೆ ಯಾರೋ ಶುರುಮಾಡಿದ್ದಂತೆ. ನನ್ನಂಥವರಿಗಾಗಿಯೇ ಮಾಡಿದ ರೂಢಿ ಅನ್ನಿಸುತ್ತಿತ್ತು. ಆದರೂ ನಾಲ್ಕು ವರ್ಷಗಳಲ್ಲಿ ನಾನು ಯಾರ ಲಕೋಟೆಗೂ ಒಂದು ಚೀಟಿ ಹಾಕಿರಲಿಲ್ಲ.

ಜಾಗ ಕೆಂಗೇರಿ ದಾಟಿದ ಮೇಲಿನ ಒಂದು ಕಲ್ಯಾಣ ಮಂಟಪ. ಮೇ ತಿಂಗಳ ಕೊನೆಯಲ್ಲಿ ಮದುವೆ ಮುಹೂರ್ತ ಇಲ್ಲದ ಮೂರು ದಿನ ನೋಡಿ ಹಿಡಿದಿದ್ದೆವು. ವೇದಿಕೆಯ ಹಿಂದೆ ಎರಡು ಕೋಣೆ. ಒಂದರ ಬಾಗಿಲ ಮೇಲೆ ‘ವಧು’ ಎಂದೂ ಇನ್ನೊಂದರ ಮೇಲೆ ‘ವರ’ ಎಂದೂ ಹಿತ್ತಾಳೆಯ ಅಕ್ಷರಗಳು. ವಧುವಿನ ಕೋಣೆಯಲ್ಲಿ ಹೊರದೇಶದಿಂದ ಬಂದಿದ್ದ ಒಂಬತ್ತು ಜನರ ಬ್ಯಾಗುಗಳಿದ್ದವು. ವರನ ಕೋಣೆಯಲ್ಲಿ ಆಯ್ಕೆ ಸಮಿತಿ ಕೂರುತ್ತಿತ್ತು. ಮೂರನೇ ದಿನ ಮಧ್ಯಾಹ್ನ ನನ್ನ ವಿಷಯ ಅಲ್ಲಿ ತೀರ್ಮಾನವಾಗಬೇಕಿತ್ತು.

ಸಂಸ್ಥೆಯ ಕೆಲಸ ಹೇಳುವುದಕ್ಕೆ ಸುಲಭ. ಇಲ್ಲಿಂದ ಒಬ್ಬರು ಆರು ತಿಂಗಳು ಹೊರದೇಶಕ್ಕೆ ಹೋಗುತ್ತಾರೆ, ಅಲ್ಲಿಂದ ಒಬ್ಬರು ಇಲ್ಲಿಗೆ ಬರುತ್ತಾರೆ. ಬಂದವರು ಹಾಸ್ಟೆಲಿನಲ್ಲಿ ಇರುವಂತಿಲ್ಲ. ಒಂದು ಮನೆಯಲ್ಲಿ ಮನೆಯವರ ಹಾಗೆ ಇರಬೇಕು. ಆದ್ದರಿಂದ ಯಾರು ಒಂದು ಮನೆ ತೋರಿಸುತ್ತಾರೋ ಅವರಿಗೆ ಒಂದು ಸೀಟು. ರಾಜಾಜಿನಗರದ, ಬಸವೇಶ್ವರನಗರದ ಹುಡುಗರು ತಮ್ಮ ಮನೆಯನ್ನೇ ತೋರಿಸಿ ಹೋಗಿಬರುತ್ತಿದ್ದರು. ನಮ್ಮ ಮನೆ ಇರುವುದು ಗದಗ ಜಿಲ್ಲೆಯ ನರೇಗಲ್ಲಿನಲ್ಲಿ. ಬೆಂಗಳೂರಿನಲ್ಲಿ ನನಗಿರುವುದು ಶ್ರೀಗಂಧದ ಕಾವಲಿನ ರಾಮಯ್ಯನವರ ಮನೆಯ ತಾರಸಿಯ ಮೇಲೆ ಶೀಟು ಹೊದಿಸಿದ ಒಂದು ಕೋಣೆ.

ಇಂಗ್ಲಿಷ್ ಎಂ.ಎ. ಮುಗಿಸಿ ವಿಜಯನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತೇನೆ. ಉಳಿದ ಹೊತ್ತು ಸಂಸ್ಥೆಯ ವೆಸ್ಟ್ ಚಾಪ್ಟರಿಗೆ, ಅಂದರೆ ಬೆಂಗಳೂರು ಪಶ್ಚಿಮದ ಶಾಖೆಗೆ. ಹೋಗುವವರ ಫೈಲು ಮಾಡುವುದು ನನ್ನ ಪಾಲಿನ ಕೆಲಸ. ವೀಸಾ ಫೋಟೋದಲ್ಲಿ ಕಿವಿ ಕಾಣಬೇಕು, ಲ್ಯಾಪ್‌ಟಾಪನ್ನು ಬೇರೆ ಟ್ರೇಯಲ್ಲಿ ಇಡಬೇಕು, ಉಪ್ಪಿನಕಾಯಿ ಬಾಟಲಿಯನ್ನು ಕೈಚೀಲದಲ್ಲಿ ಹಾಕಬಾರದು ಎಂದು ಹನ್ನೊಂದು ಜನರಿಗೆ ಹೇಳಿಕೊಟ್ಟಿದ್ದೇನೆ. ಹನ್ನೊಂದು ಜನರನ್ನೂ ವಿಮಾನ ನಿಲ್ದಾಣದ ಗಾಜಿನ ಬಾಗಿಲಿನ ತನಕ ಬಿಟ್ಟು ಬಂದಿದ್ದೇನೆ. ಬಾಗಿಲಿನಾಚೆ ಏನಿದೆ ಎಂದು ಅವರು ಕಳಿಸಿದ ಫೋಟೋಗಳಿಂದ ಗೊತ್ತು.

ಇಪ್ಪತ್ತೈದು ತುಂಬಿದವರಿಗೆ ಸೀಟಿಲ್ಲ. ನನಗೆ ಅಕ್ಟೋಬರಿನಲ್ಲಿ ತುಂಬುತ್ತದೆ. ಆದ್ದರಿಂದ ಇದು ಕೊನೆಯ ಸಲ. ಪೋಲೆಂಡಿನ ತೊರುನ್ ಎಂಬ ಊರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಸಹಾಯಕನ ಕೆಲಸವಿತ್ತು, ನನ್ನ ಹೆಸರು ಮೊದಲಿಗಿತ್ತು. ಮೂರು ತಿಂಗಳಿಂದ ಫೋನಿನ ನಕಾಶೆಯಲ್ಲಿ ಕಾಣುವ ಫೋಟೋಗಳ ಮೂಲಕ ಆ ಊರಿನ ಬೀದಿಗಳಲ್ಲಿ ನಡೆದಿದ್ದೆ. ರೈಲು ನಿಲ್ದಾಣ ನದಿಯ ಒಂದು ದಡದಲ್ಲಿ, ಊರು ಇನ್ನೊಂದು ದಡದಲ್ಲಿ. ನಡುವಿನ ಸೇತುವೆಯ ಮೇಲೆ ಕೆಂಪು ಚೀಲ ಹಿಡಿದ ಒಬ್ಬ ಹೆಂಗಸು ಯಾವಾಗ ನೋಡಿದರೂ ಅಲ್ಲೇ ನಡೆಯುತ್ತಿದ್ದಳು. ಮುಖವನ್ನು ಮಸುಕು ಮಾಡಿದ್ದರು. ಬೆಳಿಗ್ಗೆ ಎದ್ದು ಅವಳನ್ನೊಮ್ಮೆ ನೋಡಿಕೊಂಡು ಕೆಲಸಕ್ಕೆ ಹೋಗುವುದು ಅಭ್ಯಾಸವಾಗಿಬಿಟ್ಟಿತ್ತು.

ಮನೆಯೊಂದು ಬೇಕಿತ್ತು, ಅಷ್ಟೇ.

ರಾಮಯ್ಯನವರದು ಶ್ರೀಗಂಧದ ಕಾವಲು ಹಳ್ಳಿಯಾಗಿದ್ದಾಗಿನಿಂದ ಇರುವ ಕುಟುಂಬ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದೇ ಮೂರು ಕಟ್ಟಡಗಳಿವೆ. ಕೆಳಗಿನ ಮನೆಯಲ್ಲಿ ರಾಮಯ್ಯ, ಅವರ ಹೆಂಡತಿ ಪಾಪಮ್ಮ ಮತ್ತು ಮಗ ಗೌತಮ್. ಗೌತಮ್ ನೀರಿನ ಟ್ಯಾಂಕರುಗಳನ್ನು ಓಡಿಸುತ್ತಾನೆ. ಮೊದಲ ಮಹಡಿಯನ್ನು ಅವನ ಮದುವೆಗೆಂದು ಕಟ್ಟಿಸಿದ್ದರು. ಐದು ವರ್ಷಗಳಿಂದ ಅದಕ್ಕೆ ಬೀಗ.

ಮೂರು ವಾರಗಳ ಹಿಂದೆ ಒಂದು ಭಾನುವಾರ ಅವರ ಮನೆಗೆ ಹೋಗಿ ಕೇಳಿದೆ. ಪೋಲೆಂಡಿನ ಹುಡುಗಿ, ಹೆಸರು ಜೋಫಿಯಾ, ಆರು ತಿಂಗಳು ಇರುತ್ತಾಳೆ, ಮೇಲಿನ ಮನೆಯಲ್ಲಿ ಒಂದು ಕೋಣೆ ಕೊಟ್ಟು ನಿಮ್ಮ ಜೊತೆ ಊಟ ಹಾಕಿದರೆ ಸಾಕು ಎಂದೆ. ನನ್ನ ಸೀಟಿನ ಮಾತು ಎತ್ತಲಿಲ್ಲ. ಎತ್ತಿದರೆ ನನಗೋಸ್ಕರ ಕೇಳಿದಂತಾಗುತ್ತದೆ ಎಂಬ ಸಂಕೋಚ. ಅಥವಾ ಕೊಡದಿದ್ದರೆ ನೋವಾಗುತ್ತದೆ ಎಂಬ ಭಯ. ಈಗ ಯೋಚಿಸಿದರೆ ಎರಡೂ ಒಂದೇ.

“ಮುದ್ದೆ ತಿಂತಾಳೇನ್ಲಾ ಆ ಹುಡ್ಗಿ?” ಅಂದರು ರಾಮಯ್ಯ.

“ಕಲ್ತ್ಕೋತಾಳೆ ಯಜಮಾನ್ರೇ.”

“ನೀನು ಬಂದು ಮೂರು ವರ್ಷ ಆಯ್ತು, ನೀನೇ ಕಲ್ತಿಲ್ಲ. ಇವತ್ತೂ ಮುದ್ದೆ ಅಗೀತೀಯ.”

ಪಾಪಮ್ಮ ನಕ್ಕರು. ಅವರ ಮುಖದಲ್ಲಿ ಆಗಲೇ ಆ ಹುಡುಗಿ ಬಂದಿದ್ದಳು. “ಬರ್ಲಿ ಬಿಡಿ. ಮನೇಲಿ ಒಂದು ಹೆಣ್ಣುಮಗು ಓಡಾಡಿ ಎಷ್ಟು ದಿನ ಆಯ್ತು,” ಅಂದವರು ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಬಂದರು. “ಯಾವತ್ತು ಬರ್ತಾಳೆ?”

“ಜುಲೈ ಹನ್ನೆರಡು.”

ಪುಟಗಳನ್ನು ಮಗುಚಿದರು. ಅವರ ಬೆರಳು ಒಂದು ಚೌಕದ ಮೇಲೆ ನಿಂತಿತು.

“ಆಷಾಢ ಕಣಪ್ಪ.”

ಕ್ಯಾಲೆಂಡರನ್ನು ನನ್ನ ಕಡೆ ತಿರುಗಿಸಿದರು.

“ಆಷಾಢದಲ್ಲಿ ಹೊಸಬ್ರನ್ನ ಮನೆ ತುಂಬಿಸ್ಕೊಳ್ಳಲ್ಲ. ಭೀಮನ ಅಮಾವಾಸ್ಯೆ ಕಳೀಲಿ. ಇಪ್ಪತ್ನಾಲ್ಕಕ್ಕೆ ಅಮಾವಾಸ್ಯೆ, ಇಪ್ಪತ್ತೈದಕ್ಕೆ ಶ್ರಾವಣ. ಇಪ್ಪತ್ತೈದಕ್ಕೇ ಬರ್ಲಿ, ಶುಕ್ರವಾರ, ನಾನೇ ಆರ್ತಿ ಎತ್ತಿ ಕರ್ಕೋತೀನಿ.”

ರಾಮಯ್ಯ ಕಿಟಕಿಯ ಕಡೆ ನೋಡುತ್ತಿದ್ದರು. ಕಾರಣ ನನಗೆ ಗೊತ್ತಿತ್ತು. ಗೌತಮ್ ರಿಜಿಸ್ಟರ್ ಆಫೀಸಿನಲ್ಲಿ ಲತಾಳನ್ನು ಮದುವೆಯಾಗಿ, ಯಾರ ಮಾತೂ ಕೇಳದೆ ಆಷಾಢದಲ್ಲೇ ಮನೆಗೆ ಕರೆತಂದಿದ್ದ. ಎಂಟು ತಿಂಗಳಿಗೆ ಲತಾ ಒಂದು ಸೂಟ್‌ಕೇಸ್ ಹಿಡಿದು ಹೊರಟುಹೋದಳು. ಯಾಕೆಂದು ಗೌತಮ್ ಹೇಳಲಿಲ್ಲ. ಹೇಳದಿದ್ದುದರಿಂದ ಪಾಪಮ್ಮನಿಗೆ ಆ ಆಷಾಢವೊಂದೇ ಕಾರಣವಾಗಿ ಉಳಿದಿತ್ತು.

ಸಂಸ್ಥೆಯ ಲೆಕ್ಕದಲ್ಲಿ ಜುಲೈ ಇಪ್ಪತ್ತರೊಳಗೆ ಬಂದವರು ಮಾತ್ರ ಈ ಸಲದವರು. ಆಮೇಲೆ ಬರುವವರು ಜನವರಿಯ ಸರದಿಗೆ. ಇದನ್ನು ಅಲ್ಲೇ ಹೇಳಬಹುದಿತ್ತು. ಎರಡು ವಾಕ್ಯ. ಪಾಪಮ್ಮ ಕ್ಯಾಲೆಂಡರಿನ ಇಪ್ಪತ್ತೈದರ ಚೌಕದಲ್ಲಿ ಪೆನ್ಸಿಲಿನಿಂದ ಒಂದು ಸೊನ್ನೆ ಸುತ್ತುತ್ತಿದ್ದರು. ನಾನು ಕಾಫಿ ಲೋಟವನ್ನು ಕೆಳಗಿಟ್ಟು “ಬರ್ತೀನಮ್ಮ” ಅಂದು ಎದ್ದೆ.

ಆ ಸಂಜೆ ನಮ್ಮ ಚಾಪ್ಟರಿನ ಅಧ್ಯಕ್ಷೆ ಚೈತ್ರ ಫೋನು ಮಾಡಿದಳು. ನನಗಿಂತ ಎರಡು ವರ್ಷ ಚಿಕ್ಕವಳು, ಎಲ್ಲ ಕೆಲಸವನ್ನೂ ನಿಂತುಕೊಂಡೇ ಮಾಡುವ ಹುಡುಗಿ.

“ಒಪ್ಕೊಂಡ್ರಾ?”

“ಒಪ್ಕೊಂಡ್ರು.”

“ಸೂಪರ್ ಕಣೋ! ಡೇಟ್ ಎಲ್ಲ ಓಕೆ ತಾನೆ?”

ನಾನು ಏನೋ ಒಂದು ಸದ್ದು ಮಾಡಿದೆ. ಅವಳು ಅದನ್ನು ಹೌದೆಂದು ತೆಗೆದುಕೊಂಡಳು. ಮರುದಿನ ಫಾರಮಿನಲ್ಲಿ ಜುಲೈ ಹನ್ನೆರಡು ಎಂದು ನಾನೇ ತುಂಬಿದೆ. ಜುಲೈ ದೂರವಿದೆ, ಆ ಹುಡುಗಿಯ ವೀಸಾ ತಡವಾಗಬಹುದು, ಪಾಪಮ್ಮನ ಮನಸ್ಸು ಕರಗಬಹುದು, ನಿಯಮವೇ ಸಡಿಲವಾಗಬಹುದು ಅಂದುಕೊಂಡೆ. ಎಲ್ಲರೂ ಸ್ವಲ್ಪ ಸ್ವಲ್ಪ ಜರುಗಿದರೆ ನಾನು ಮಾತಾಡದೆಯೂ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನನಗೆ ಚಿಕ್ಕಂದಿನಿಂದಲೂ ಇದೆ. ಅದು ಒಮ್ಮೆಯೂ ನಿಜವಾಗಿಲ್ಲ.

ಸಮ್ಮೇಳನದ ಮೊದಲೆರಡು ದಿನ ಹೇಗೋ ಕಳೆದವು. ನಾನು ನೋಂದಣಿ ಮೇಜಿನಲ್ಲಿ ಬ್ಯಾಡ್ಜ್ ಕೊಡುತ್ತ ಕುಳಿತಿದ್ದೆ. ಒಳಗೆ ದೇಶದ ಒಂದೊಂದು ಊರಿನವರೂ ಎದ್ದು ಕುಣಿದು ತಮ್ಮ ಚಾಪ್ಟರಿನ ಹೆಸರು ಕೂಗುತ್ತಿದ್ದರು. ಮದುವೆ ಊಟದ ಉದ್ದ ಮೇಜುಗಳಲ್ಲಿ ಹೊರದೇಶದವರು ಬಾಳೆಲೆಯ ಮೇಲೆ ಬಿಸಿಬೇಳೆ ಬಾತನ್ನು ಚಮಚದಲ್ಲಿ ತಿನ್ನಲು ಹೋಗಿ ಎಲೆ ಹರಿದುಕೊಳ್ಳುತ್ತಿದ್ದರು. ಗಿರಿರಾಜ್ ಅವರಿಗೆಲ್ಲ ಕೈಯಲ್ಲಿ ಕಲೆಸುವುದನ್ನು ಹೇಳಿಕೊಡುತ್ತಿದ್ದ. ಗಿರಿರಾಜ್ ಬಸವೇಶ್ವರನಗರದವನು, ಇಂಜಿನಿಯರಿಂಗ್ ಕೊನೆಯ ವರ್ಷ. ತೊರುನ್ ಸೀಟಿನ ಪಟ್ಟಿಯಲ್ಲಿ ನನ್ನ ನಂತರದ ಹೆಸರು ಅವನದು. ಅದರ ಬಗ್ಗೆ ಅವನಿಗೆ ಹೊಟ್ಟೆಕಿಚ್ಚೂ ಇರಲಿಲ್ಲ, ಅಷ್ಟೊಂದು ಆಸೆಯೂ ಇರಲಿಲ್ಲ.

“ಗುರು, ನೀನು ಹೋಗ್ಬಿಟ್ರೆ ನಮ್ ಚಾಪ್ಟರಲ್ಲಿ ಫೈಲ್ ಯಾರು ಮಾಡ್ತಾರೆ?” ಅಂದ, ಮೇಜಿನ ಮೇಲೆ ಕೂರುತ್ತ.

“ನೀನು ಮಾಡು.”

“ನಾನಾ? ನಾನ್ ಫೈಲ್ ಮಾಡಿದ್ರೆ ಪೋಲೆಂಡಿಗೆ ಹೋಗೋನು ಪಾವಗಡಕ್ಕೆ ಹೋಗ್ತಾನೆ.”

ಎರಡನೇ ದಿನ ಊಟದ ಹೊತ್ತಿಗೆ ಊರಿನಿಂದ ಅವ್ವನ ಫೋನು ಬಂತು.

“ಏನಾತಪಾ, ಹೋಗೂದು ಖರೇ ಆತೇನ?”

“ನಾಳೆ ಗೊತ್ತಾಗತೈತಿ, ಬೇ.”

“ಅಲ್ಲಿ ಭಾಳ ಥಂಡಿ ಅಂತಲ್ಲ. ಮಗ್ಗಲ ಮನಿ ಟೀಚರ್ ಕಡೆ ಸ್ವೆಟರ್ ಹೆಣಿಸಾಕತ್ತೀನಿ. ಮೈ ಆಗೈತಿ, ತೋಳ ಉಳದಾವ. ಉದ್ದ ಎಷ್ಟ ಇರ್ಲಿ?”

“ಆಮ್ಯಾಲೆ ಹೇಳ್ತೀನಿ ಬೇ, ಇಲ್ಲಿ ಮಂದಿ ಅದಾರ.”

ಮೂರನೇ ದಿನ ಹತ್ತೂವರೆಗೆ ಮಂಟಪದ ಮುಂದೆ ಒಂದು ಆಟೋ ನಿಂತಿತು. ಪಾಪಮ್ಮ ಇಳಿದರು. ಮೈಸೂರು ರೇಷ್ಮೆ ಸೀರೆ, ತಲೆಯಲ್ಲಿ ಕನಕಾಂಬರ. ಹಿಂದೆ ರಾಮಯ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ. ನನ್ನ ಕೈಯಲ್ಲಿದ್ದ ಬ್ಯಾಡ್ಜಿನ ದಾರ ಗಂಟು ಬಿದ್ದಿತ್ತು, ಅದನ್ನು ಬಿಡಿಸುತ್ತಲೇ ಇದ್ದೆ.

“ಏನ್ಲಾ, ನೀನು ಕರೀಲೇ ಇಲ್ಲ ನೋಡು,” ಅಂದರು ರಾಮಯ್ಯ. “ಆ ಚೈತ್ರಮ್ಮ ಮನೇಗೇ ಬಂದು ಕರೆದ್ರು. ಸನ್ಮಾನ ಅಂತೆ.”

“ಮೇಲ್ಗಡೆ ಬಚ್ಚಲಲ್ಲಿ ಕಮೋಡ್ ಹಾಕ್ಸಿದ್ರು ನಿನ್ನೆ,” ಅಂದರು ಪಾಪಮ್ಮ ದನಿ ತಗ್ಗಿಸಿ. “ಗೀಸರೂ ಹಾಕ್ಸಿದೀವಿ. ನಿನ್ಗೆ ಹೇಳೋಣ ಅಂದ್ರೆ ನೀನು ಮೂರು ದಿನದಿಂದ ಸಿಗ್ಲೇ ಇಲ್ಲ.”

ಹೇಳಲು ನನಗೆ ಇನ್ನೂ ಹೊತ್ತಿತ್ತು. ಕಾರ್ಯಕ್ರಮ ಹನ್ನೊಂದಕ್ಕೆ. ಅರ್ಧ ಗಂಟೆ. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ, ನೀರು ತಂದುಕೊಟ್ಟೆ, ಫ್ಯಾನಿನ ಕಡೆಗೆ ಕುರ್ಚಿ ಜರುಗಿಸಿದೆ. ಇನ್ನೊಂದು ಲೋಟ ನೀರು ತಂದೆ. ಅಷ್ಟರಲ್ಲಿ ಹನ್ನೊಂದಾಯಿತು.

ವೇದಿಕೆಯ ಮೇಲೆ ಮುರಳೀಕೃಷ್ಣ ಇದ್ದರು. ಇಡೀ ದೇಶದ ವಿನಿಮಯಗಳನ್ನು ನೋಡಿಕೊಳ್ಳುವವರು, ರಾಜಾಜಿನಗರದವರೇ, ಮೂವತ್ತು ದಾಟಿದ ಮನುಷ್ಯ. ಅತಿಥಿಗಳನ್ನು ಇಟ್ಟುಕೊಳ್ಳಲು ಒಪ್ಪಿದ ಮೂರು ಕುಟುಂಬಗಳನ್ನು ಒಂದೊಂದಾಗಿ ಕರೆದು ಶಾಲು ಹೊದಿಸಿದರು. ಮೂರನೆಯದು ನಮ್ಮವರದು. ಶಾಲಿನ ನಂತರ ಚೈತ್ರ ಒಂದು ದೊಡ್ಡ ರಟ್ಟಿನ ಹಲಗೆ ತಂದು ಪಾಪಮ್ಮನ ಕೈಗೆ ಕೊಟ್ಟಳು. ಅದರ ಮೇಲೆ ಜೋಫಿಯಾಳ ನಗುವ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ ಬರುವ ತಾರೀಖು. ಫೋಟೋಗ್ರಾಫರ್ ಎಲ್ಲರೂ ಇತ್ತ ನೋಡಿ ಅಂದ.

ಪಾಪಮ್ಮ ಹಲಗೆಯನ್ನೇ ನೋಡುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಅಂಕಿ ಬರುತ್ತದೆ.

“ಇದೇನಪ್ಪ ಹನ್ನೆರಡು ಅಂತ ಹಾಕಿದೀರ?”

ಮುರಳೀಕೃಷ್ಣರ ಕೈಯಲ್ಲಿದ್ದ ಮೈಕು ಹತ್ತಿರವೇ ಇತ್ತು. ಮಾತು ಇಡೀ ಹಾಲಿಗೆ ಕೇಳಿಸಿತು.

“ಅದೇ ಅಮ್ಮ, ಆ ಹುಡ್ಗಿ ಬರೋ ಡೇಟು. ಜುಲೈ ಹನ್ನೆರಡು.”

“ಆಷಾಢದಲ್ಲಿ ಬೇಡ ಅಂತ ಹೇಳಿದ್ನಲ್ಲ ಸಾರ್. ಭೀಮನ ಅಮಾವಾಸ್ಯೆ ಕಳೆದ ಮೇಲೆ ಅಂತ ಹೇಳಿದೀನಿ. ಶಿವಯೋಗೀ, ಹೇಳಿದ್ನಲ್ಲಪ್ಪ ನಿನ್ಗೆ?”

ಹಾಲಿನಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಕನ್ನಡ ಬರುತ್ತಿರಲಿಲ್ಲ. ಅಜ್ಜಿ ಮೈಕಿನಲ್ಲಿ ನಾಲ್ಕು ಮಾತಾಡಿದರು ಎಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು. ಚಪ್ಪಾಳೆಯ ನಡುವೆ ಚೈತ್ರ ನನ್ನ ಕಡೆ ತಿರುಗಿದಳು. ಅವಳ ಮುಖದ ನಗು ಇಳಿಯುವುದನ್ನು ಪೂರ್ತಿ ನೋಡಿದೆ.

ವರನ ಕೋಣೆಯಲ್ಲಿ ಐದು ಕುರ್ಚಿಗಳಿದ್ದವು. ಒಂದು ನಿಲುಗನ್ನಡಿ, ಅದರ ಅಂಚಿಗೆ ಹಿಂದಿನ ಯಾವುದೋ ಮದುವೆಯ ಬಾಸಿಂಗದ ಮುತ್ತೊಂದು ಅಂಟಿಕೊಂಡಿತ್ತು. ಮುರಳೀಕೃಷ್ಣ ಬಾಗಿಲು ಹಾಕಿದರು.

“ಶಿವಯೋಗಿ, ಇವ್ರು ಡೇಟ್‌ಗೆ ಒಪ್ಪಿರ್ಲಿಲ್ವಾ?”

ನಾನು ಕನ್ನಡಿಯ ಮುತ್ತನ್ನು ನೋಡುತ್ತಿದ್ದೆ.

“ಮಾತಾಡೋ,” ಅಂದಳು ಚೈತ್ರ. “ಫಾರಂ ನೀನೇ ತುಂಬಿದ್ದು. ನಾನು ಕೇಳ್ದೆ ನಿನ್ನ, ಡೇಟ್ ಓಕೆನಾ ಅಂತ. ಕೇಳ್ದೆ ತಾನೆ?”

“ಕೇಳ್ದೆ.”

“ಮತ್ತೆ?”

ಪಾಪಮ್ಮ ಶಾಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದರು. “ಅವ್ನನ್ನ ಬಯ್ಬೇಡಮ್ಮ. ಹದಿಮೂರು ದಿನ ತಡವಾಗಿ ಬಂದ್ರೆ ಏನಾಗುತ್ತೆ? ವಿಮಾನ ದಿನಾ ಇರ್ತವಲ್ಲ.”

“ಇಪ್ಪತ್ತರ ಒಳಗೆ ಬರ್ಬೇಕಮ್ಮ,” ಅಂದರು ಮುರಳೀಕೃಷ್ಣ. “ಇಲ್ಲಾಂದ್ರೆ ಶಿವಯೋಗಿ ಸೀಟು ಹೋಗುತ್ತೆ.”

“ಯಾವ ಸೀಟು?”

ಹೊರಗೆ ಯಾವುದೋ ಊರಿನವರು ಕುಣಿಯುತ್ತಿದ್ದ ಸದ್ದು. ಕೊನೆಗೆ ಚೈತ್ರಳೇ ಹೇಳಿದಳು. ಆ ಹುಡುಗಿ ಬಂದರೆ ಇವನು ಪೋಲೆಂಡಿಗೆ ಹೋಗುತ್ತಾನೆ, ಆರು ತಿಂಗಳು, ಶಾಲೆಯಲ್ಲಿ ಕೆಲಸ, ಅದಕ್ಕಾಗಿಯೇ ಮನೆ ಬೇಕಿದ್ದದ್ದು.

ರಾಮಯ್ಯ ನನ್ನನ್ನು ನೋಡಿದರು. “ಹೋಗ್ತಾ ಇದೀಯಾ ನೀನು?”

“ಹೇಳ್ಬೇಕು ಅಂತಿದ್ದೆ ಯಜಮಾನ್ರೇ.”

“ಯಾವಾಗ? ವಿಮಾನ ಹತ್ತಿದ್ ಮೇಲಾ?”

ಪಾಪಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ಅದಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಮಡಿಸಿದ ಶಾಲನ್ನು ಮತ್ತೊಮ್ಮೆ ಮಡಿಸಿದರು. ಆಮೇಲೆ ಮುರಳೀಕೃಷ್ಣರ ಕಡೆ ತಿರುಗಿದರು.

“ಬರ್ಲಿ ಬಿಡಿ ಸಾರ್. ಹನ್ನೆರಡಕ್ಕೇ ಬರ್ಲಿ. ಹುಡುಗನ್ನ ಯಾಕೆ ಕೆಡಿಸ್ಬೇಕು.”

“ಪಾಪೀ,” ಅಂದರು ರಾಮಯ್ಯ. ಆ ಹೆಸರಿನಲ್ಲಿ ಅವರನ್ನು ಕರೆದದ್ದನ್ನು ನಾನು ಮೊದಲ ಸಲ ಕೇಳಿದ್ದು.

“ಇರ್ಲಿ ಬಿಡ್ರೀ. ಅವಳೇನು ಸೊಸೇನಾ? ಬರೋಳು, ಹೋಗೋಳು.”

ಮುರಳೀಕೃಷ್ಣ ಉಸಿರು ಬಿಟ್ಟು ಒಂದು ಹಾಳೆಯನ್ನು ನನ್ನ ಮುಂದೆ ಸರಿಸಿದರು. ಅದನ್ನು ನಾನು ಚೆನ್ನಾಗಿ ಬಲ್ಲೆ. ಹನ್ನೊಂದು ಜನರ ಕೈಯಲ್ಲಿ ಸಹಿ ಹಾಕಿಸಿದ್ದೇನೆ. ‘ಈ ಮನೆಯವರು ಯಾವ ಒತ್ತಾಯವೂ ಇಲ್ಲದೆ, ಮನಸಾರೆ ಒಪ್ಪಿದ್ದಾರೆ’ ಎಂಬ ಒಂದೇ ಮಾತು ಅದರಲ್ಲಿರುವುದು. ಕೆಳಗೆ ಹೋಗುವವನ ಸಹಿ.

“ಸೈನ್ ಮಾಡು, ಮುಗೀತು,” ಅಂದರು.

ಪೆನ್ನು ತೆಗೆದುಕೊಂಡೆ. ಕಣ್ಣಂಚಿನಲ್ಲಿ ಪಾಪಮ್ಮನ ಕೈ ಕಾಣುತ್ತಿತ್ತು. ಶಾಲಿನ ಮಡಿಕೆಯ ಕೆಳಗೆ ಅವರ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಏರುತ್ತಿತ್ತು. ತಿಥಿ ಎಣಿಸುತ್ತಿದ್ದರು. ಹನ್ನೆರಡರ ಆಚೀಚೆ, ಇಪ್ಪತ್ತರ ಒಳಗೆ, ಇಡೀ ಆಷಾಢದಲ್ಲಿ ಮನೆ ತುಂಬಿಸಿಕೊಳ್ಳಬಹುದಾದ ಒಂದೇ ಒಂದು ದಿನ ಸಿಗುತ್ತದೆಯೇ ಎಂದು. ಕಿರುಬೆರಳಿನ ತುದಿಗೆ ಬಂದಾಗ ಹೆಬ್ಬೆರಳು ನಿಂತಿತು. ಮತ್ತೆ ಮೊದಲಿನಿಂದ ಶುರುಮಾಡಿತು.

ಸಹಿ ಹಾಕಿದ್ದರೆ ಅವರು ಏನೂ ಅನ್ನುತ್ತಿರಲಿಲ್ಲ. ಆರತಿಯನ್ನೂ ಎತ್ತುತ್ತಿದ್ದರು. ಆಮೇಲೆ ಆರು ತಿಂಗಳು ಆ ಹುಡುಗಿ ಕೆಮ್ಮಿದರೂ, ಮೆಟ್ಟಿಲಲ್ಲಿ ಜಾರಿದರೂ, ಗೌತಮ್ ಒಂದು ದಿನ ಊಟ ಬಿಟ್ಟರೂ ಹೆದರಿಕೊಂಡು ಕುಳಿತಿರುತ್ತಿದ್ದರು. ಇದೆಲ್ಲ ನಾನು ಆಗ ಯೋಚಿಸಿದ್ದೋ ಆಮೇಲೆ ನನ್ನನ್ನು ಒಳ್ಳೆಯವನನ್ನಾಗಿ ಮಾಡಿಕೊಳ್ಳಲು ಸೇರಿಸಿಕೊಂಡದ್ದೋ ಹೇಳಲಾರೆ. ಆಗ ನನಗೆ ಗೊತ್ತಿದ್ದದ್ದು ಕೈ ಏಳುತ್ತಿಲ್ಲ ಎಂಬುದಷ್ಟೇ. ಹಾಕುತ್ತೇನೆ ಅನ್ನಲಿಲ್ಲ, ಹಾಕುವುದಿಲ್ಲ ಅನ್ನಲೂ ಇಲ್ಲ.

“ಶಿವಯೋಗಿ,” ಅಂದಳು ಚೈತ್ರ ಮೆಲ್ಲಗೆ. “ಏನಾದ್ರೂ ಹೇಳೋ. ಹೂಂ ಅನ್ನು, ಊಹೂಂ ಅನ್ನು.”

ಮುರಳೀಕೃಷ್ಣ ಕಾದರು. ಗಡಿಯಾರ ನೋಡಿಕೊಂಡರು. ಮತ್ತೆ ಸ್ವಲ್ಪ ಕಾದರು. ಕೆಟ್ಟ ಮನುಷ್ಯನಲ್ಲ. ಆಮೇಲೆ ನನ್ನ ಬೆರಳುಗಳ ನಡುವಿನಿಂದ ಪೆನ್ನು ತೆಗೆದುಕೊಂಡು, “ಸರಿ ಹಾಗಾದ್ರೆ. ಗಿರಿರಾಜನ್ನ ಕರೀರಿ,” ಅಂದರು.

ಗಿರಿರಾಜ್ ಬಂದು, ವಿಷಯ ಕೇಳಿ, ಅಲ್ಲೇ ನಿಂತು ಮನೆಗೆ ಫೋನು ಮಾಡಿದ. “ಮಮ್ಮಿ, ಜುಲೈ ಹನ್ನೆರಡಕ್ಕೆ ಒಬ್ಳು ಪೋಲೆಂಡ್ ಹುಡ್ಗಿ ನಮ್ಮನೇಗೆ ಬಂದ್ರೆ ಓಕೇನಾ? ... ಆರು ತಿಂಗಳು. ... ಹೂಂ, ವೆಜ್ ತಿಂತಾಳೆ ಅನ್ಸುತ್ತೆ.” ಅರ್ಧ ನಿಮಿಷ ಆಗಿರಲಿಲ್ಲ. ಫೋನಿಟ್ಟು ನಗಲು ಹೋಗಿ, ನನ್ನ ಮುಖ ನೋಡಿ ತಡೆದುಕೊಂಡ. “ಓಕೆ ಅಂತೆ. ಆಷಾಢ ಸೇಲ್‌ಗೆ ಕರ್ಕೊಂಡು ಹೋಗ್ತಾರಂತೆ.”

ಊಟದ ನಂತರ ಅವನು ನನ್ನನ್ನು ನೀರಿನ ಡ್ರಮ್ಮಿನ ಹತ್ತಿರ ಹಿಡಿದ.

“ಸಾರಿ ಗುರು. ನೀನು ಬೇಡ ಅಂದ್ರೆ ನಾನು ಈಗ್ಲೇ ಹೋಗಿ ಬೇಡ ಅಂತೀನಿ. ಅಮ್ಮನಾಣೆ.”

ಅವನು ನಿಜವಾಗಿ ಹಾಗೆ ಮಾಡುತ್ತಿದ್ದ. ಅದರಿಂದ ಏನೂ ಆಗುತ್ತಿರಲಿಲ್ಲ. ಸೀಟು ಇನ್ನೊಂದು ಊರಿನ ಇನ್ನೊಬ್ಬನಿಗೆ ಹೋಗುತ್ತಿತ್ತು, ಅಷ್ಟೇ.

“ಹೋಗು ಮಗಾ,” ಅಂದೆ. “ಸ್ಟೇಷನ್‌ನಿಂದ ಊರೊಳಗೆ ಬಸ್ಸು ಹೋಗುತ್ತೆ. ಸೇತುವೆ ದಾಟುವಾಗ ಬಲಗಡೆ ಕೂತ್ಕೋ. ಕೋಟೆ ಗೋಡೆ ಕಾಣುತ್ತೆ.”

“ನೀನು ಯಾವಾಗ ಹೋಗಿದ್ದೆ?” ಅಂದ, ತಮಾಷೆಗೆ. ಆಮೇಲೆ ತನ್ನ ಮಾತು ತನಗೇ ಕೇಳಿಸಿ, ಡ್ರಮ್ಮಿನಿಂದ ಒಂದು ಲೋಟ ನೀರು ಹಿಡಿದು ನನಗೆ ಕೊಟ್ಟ.

ಮೂರು ಗಂಟೆಗೆ ಎಲ್ಲರೂ ಗೋಡೆಯ ಮುಂದೆ ನೂಕಾಡಿ ಲಕೋಟೆ ಬಿಚ್ಚಿಕೊಂಡರು. ಕೆಲವರು ಅತ್ತರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಗೋಡೆಗೆ ಬರೀ ಅಂಟಿನ ಗುರುತು ಉಳಿದಾಗ ನನ್ನದನ್ನು ತೆಗೆದೆ. ಮೂರು ಚೀಟಿ. ಒಂದರಲ್ಲಿ ಊಟ ಚೆನ್ನಾಗಿತ್ತು, ಧನ್ಯವಾದ ಎಂದಿತ್ತು. ಇನ್ನೊಂದರಲ್ಲಿ ‘ನನ್ನ ಬ್ಯಾಡ್ಜಿನಲ್ಲಿ ಹೆಸರು ತಪ್ಪಿದೆ, ಸರಿಮಾಡಿಕೊಡಿ’ ಎಂದು. ಮೂರನೆಯದು ಚೈತ್ರಳ ಕೈಬರಹ, ಮೊದಲ ದಿನದ ತಾರೀಖು ಹಾಕಿದ್ದು: ‘ಈ ಸಲ ಗಾಜಿನ ಬಾಗಿಲಿನ ತನಕ ನಾನು ಬರ್ತೀನಿ, ನೀನು ಒಳಗೆ ಹೋಗ್ತೀಯ.’ ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಅವಳನ್ನು ಹುಡುಕಿದೆ. ಆಗಲೇ ಹೊರದೇಶದವರ ಬಸ್ಸು ಹತ್ತಿಸಲು ಹೋಗಿದ್ದಳು.

ರಾಮಯ್ಯ, ಪಾಪಮ್ಮ ನನಗಾಗಿ ಕಾದಿದ್ದರು. ಕಾಯಬೇಕಿರಲಿಲ್ಲ. ಮೂವರೂ ಒಂದೇ ಆಟೋದಲ್ಲಿ ಕುಳಿತೆವು. ಆಟೋ ಓಡಿಸುತ್ತಿದ್ದವನು ಸೀನ, ಅವರ ಬೀದಿಯವನೇ.

“ಏನ್ ಗೌಡ್ರೇ, ಶಾಲು ಗೀಲು ಜೋರಾಗಿದೆ,” ಅಂದ ಕನ್ನಡಿಯಲ್ಲಿ ನೋಡುತ್ತ. “ಎಲೆಕ್ಷನ್ನಿಗೆ ನಿಲ್ತೀ‌ರಾ ಹೆಂಗೆ?”

“ರಸ್ತೆ ನೋಡ್ಕೊಂಡು ಓಡ್ಸಲಾ,” ಅಂದರು ರಾಮಯ್ಯ.

ಉಲ್ಲಾಳದ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತೆವು. ಪಾಪಮ್ಮನ ತೊಡೆಯ ಮೇಲೆ ಆ ರಟ್ಟಿನ ಹಲಗೆ ಇತ್ತು. ಅದನ್ನು ವಾಪಸು ಕೇಳಲು ಯಾರಿಗೂ ನೆನಪಾಗಿರಲಿಲ್ಲ. ಹಲಗೆಯ ಮೇಲಿನ ಜೋಫಿಯಾ ಆಟೋದ ಹೊರಗೆ ನೋಡಿ ನಗುತ್ತಿದ್ದಳು.

“ಹಂಗಾದ್ರೆ ಶ್ರಾವಣಕ್ಕೆ ಬರ್ತಾಳಾ?” ಅಂದರು ಪಾಪಮ್ಮ.

ಅವರಿಗೆ ಅರ್ಥವಾಗಿರಲಿಲ್ಲ. ನಾನು ಸಹಿ ಹಾಕದೆ ಕುಳಿತಿದ್ದು, ಅವರ ಮಾತು ಉಳಿಸಿ ತಾರೀಖು ಮುಂದೆ ಹಾಕಿಸಲು ಅಂದುಕೊಂಡಿದ್ದರು. ಮುಖ ಅರಳಿಯೇ ಇತ್ತು. ನಾನು ಸುಮ್ಮನೆ ಇದ್ದಿದ್ದರೆ ಜುಲೈ ಇಪ್ಪತ್ತೈದರ ತನಕ ಹಾಗೇ ಇರುತ್ತಿತ್ತು.

“ಇಲ್ಲಮ್ಮ,” ಅಂದೆ. “ಬರಲ್ಲ. ಅವಳು ಬಸವೇಶ್ವರನಗರದಲ್ಲಿ ಇರ್ತಾಳೆ. ಬೇರೆಯವ್ರ ಮನೇಲಿ.”

ಸೀನ ಹಾರನ್ ಹೊಡೆದ. ಮುಂದಿನ ಗಾಡಿ ಕದಲಲಿಲ್ಲ.

“ನೀನು?”

“ನಾನೂ ಹೋಗಲ್ಲ.”

“ಜನವರಿಗೆ?”

“ನಂಗೆ ವಯಸ್ಸು ಮುಗಿಯುತ್ತೆ ಅಮ್ಮ.”

ಅವರು ಹಲಗೆಯನ್ನು ಮಗುಚಿ ಇಟ್ಟುಕೊಂಡರು. ರಾಮಯ್ಯ ಹೊರಗೆ ನೋಡುತ್ತ, ಯಾರಿಗೂ ಅಲ್ಲದಂತೆ, “ಕಮೋಡ್ ಬೇರೆ ಹಾಕಿಸ್ಬಿಟ್ನಲ್ಲ,” ಅಂದರು. ಅದಾದ ಮೇಲೆ ಮನೆ ಬರುವ ತನಕ ಆಟೋದಲ್ಲಿ ಸೀನನ ಮಾತೊಂದೇ.

ಗೇಟಿನ ಹತ್ತಿರ ಇಳಿದೆವು. ಗೌತಮ್ ಟ್ಯಾಂಕರಿನ ಚಕ್ರಕ್ಕೆ ಗಾಳಿ ತುಂಬುತ್ತಿದ್ದ. ಅಪ್ಪ ಅಮ್ಮನ ಶಾಲು ನೋಡಿ, ಮತ್ತೆ ಚಕ್ರದ ಕಡೆ ಬಗ್ಗಿದ. ನಾನು ಮೆಟ್ಟಿಲು ಹತ್ತಲು ತಿರುಗಿದಾಗ ಪಾಪಮ್ಮ ಕರೆದರು.

“ಶಿವಯೋಗಿ.”

“ಅಮ್ಮಾ.”

“ಇನ್ನೇನೇನು ಹೇಳಿಲ್ಲ ನೀನು ನಮ್ಗೆ?”

ಬಯ್ಯುವ ದನಿಯಲ್ಲ. ನಿಜವಾಗಿ ಕೇಳುತ್ತಿದ್ದರು, ಕೇಳಿ ಕಾಯುತ್ತಿದ್ದರು. “ಏನೂ ಇಲ್ಲಮ್ಮ,” ಅಂದೆ. ಅವರು ನಂಬಲಿಲ್ಲ. ಇನ್ನು ಮುಂದೆ ನಂಬುವುದಿಲ್ಲ. ತಲೆಯಾಡಿಸಿ, ಮಗನ ಪಕ್ಕದಿಂದಲೇ ಒಳಗೆ ಹೋದರು.

ಮೊದಲ ಮಹಡಿಯ ಬಾಗಿಲು ಗಾಳಿಯಾಡಲೆಂದು ತೆರೆದೇ ಇತ್ತು. ಹೊಸ ಸಿಮೆಂಟಿನ ವಾಸನೆ. ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಬಿಚ್ಚದ ಹೊದಿಕೆ. ನಿಲ್ಲದೆ ತಾರಸಿಗೆ ಹತ್ತಿದೆ.

ಇನ್ನೂ ಬಿಸಿಲಿತ್ತು. ಶೀಟಿನ ಕೋಣೆ ಕಾದಿತ್ತು. ಅಂಗಿ ಬಿಚ್ಚುವಷ್ಟರಲ್ಲಿ ಫೋನು ಬಡಿದುಕೊಂಡಿತು.

“ಟೀಚರ್ ಇಲ್ಲೇ ಕುಂತಾರಪಾ,” ಅಂದಳು ಅವ್ವ. “ಸೂಜಿ ಹಿಡಕೊಂಡ ಕುಂತಾರ. ತೋಳ ಉದ್ದ ಎಷ್ಟ ಇರ್ಲಿ, ಲಗೂನ ಹೇಳ.”

ಮೇಜಿನ ಮೇಲೆ ಉತ್ತರ ಪತ್ರಿಕೆಗಳಿಗೆ ಗೆರೆ ಹಾಕುವ ಸ್ಕೇಲಿತ್ತು. ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು, ಭುಜದಿಂದ ಮಣಿಕಟ್ಟಿನ ತನಕ ಎರಡು ಸಲ ಸ್ಕೇಲಿಟ್ಟು ಅಳೆದೆ.

“ಇಪ್ಪತ್ಮೂರ ಇಂಚು, ಬೇ.”

“ಒಂದ ಇಂಚು ಜಾಸ್ತಿನ ಇಡಸ್ತೀನಿ ತಗೋ,” ಅಂದಳು. “ಅಲ್ಲಿ ಥಂಡಿ ಭಾಳ.”

“ಇಡಸ,” ಅಂದೆ.